ಮುರಿದ ಆಟಿಕೆ ಮತ್ತು ಬೆಳಕಿನ ಅಂಟು

ಪ್ರವಾದಿ ಮುಹಮ್ಮದ್(ಸ)ರ ಕುಡಿಯುವ ಬಟ್ಟಲು ಒಡೆದಾಗ ಅದರ ಬಿರುಕನ್ನು ಬೆಳ್ಳಿಯ ತಂತಿಯಿಂದ ಬೆಸೆಯಲಾಯಿತೆಂದು ಹಝ್ರತ್ ಅನಸ್(ರ)ರಿಂದ ವರದಿಯಾಗಿದೆ, ಬುಖಾರಿಯಲ್ಲಿದೆ. ನಂತರದ ತಲೆಮಾರಿನವರೂ ಆ ಬಟ್ಟಲನ್ನು ಕಂಡಿದ್ದಾರೆ, ಅದರಲ್ಲಿ ಕುಡಿದಿದ್ದಾರೆ. ಪಾಠದಲ್ಲಿ ಈ ಹದೀಸ್ ಬಂದಾಗ ನಾವು ಬೆಳ್ಳಿಯ ಪಾತ್ರೆಯ ಮಸ್‌ಅಲಾ ಚರ್ಚಿಸಿ ಮುಂದೆ ಸಾಗುತ್ತೇವೆ. ಒಡೆದುದನ್ನು ಎಸೆಯದೆ ಜೋಡಿಸಿ ಬಳಸಿದರು ಎಂಬ ಸರಳ ಸಂಗತಿಯ ಮುಂದೆ ನಿಲ್ಲುವುದು ಕಡಿಮೆ.

ಬೆಟಗೇರಿಯ ನನ್ನ ವಿದ್ಯಾರ್ಥಿಯೊಬ್ಬ, ಏಳು ವರ್ಷದವನು, ಒಂದು ಸಂಜೆ ಚೀಲದಲ್ಲಿ ಎರಡು ಆಟಿಕೆಗಳನ್ನು ತಂದ. ಒಂದು, ಸೌದಿಯಲ್ಲಿ ದುಡಿಯುವ ತಂದೆ ಕಳುಹಿಸಿದ ಪಾರದರ್ಶಕ ರೆಕ್ಕೆಯ ವಿಮಾನ. ರೆಕ್ಕೆ ಬುಡದಲ್ಲಿ ಮುರಿದಿತ್ತು. ಇನ್ನೊಂದು, ಅವನ ದಾದಾ ಲಕ್ಷ್ಮೇಶ್ವರದ ಉರುಸಿನಲ್ಲಿ ಎಂದೋ ಕೊಂಡ ಮರದ ಕುದುರೆಗಾಡಿ. ಹೊಸದು ಕೊಡಿಸುವೆನೆಂದು ತಾಯಿ ಹೇಳಿದ್ದರು. "ಹೊಸದು ಬೇಡ ಹಜರತ್, ಇದು ಅಬ್ಬಾ ಕಳಿಸಿದ್ದು" ಎಂದ. ತಂದೆ ಆ ವರ್ಷ ಊರಿಗೆ ಬರುವಂತಿರಲಿಲ್ಲ.

ನನ್ನಲ್ಲಿ ಬೆಳಕಿನಿಂದ ಗಟ್ಟಿಯಾಗುವ ಅಂಟಿನ ಪುಟ್ಟ ಸೀಸೆಯಿತ್ತು; ಜೊತೆಗೆ ನೇರಳೆ ಬೆಳಕಿನ ಸಣ್ಣ ಟಾರ್ಚು. ಈ ಅಂಟು ಗಾಳಿಗೆ ಒಣಗುವುದಲ್ಲ. ಅಕ್ರಿಲೇಟ್ ಜಾತಿಯ ಸಣ್ಣ ಅಣುಗಳ ನಡುವೆ ಬೆಳಕನ್ನು ಹಿಡಿಯುವ ವಸ್ತುವೊಂದು ಬೆರೆತಿರುತ್ತದೆ. ನೇರಳಾತೀತ ಕಿರಣ ಬಿದ್ದೊಡನೆ ಅದು ಒಡೆದು ಅಣುಗಳನ್ನು ಸರಪಳಿಯಾಗಿ ಬೆಸೆಯುತ್ತದೆ. ದಂತವೈದ್ಯರು ಹಲ್ಲಿನ ಕುಳಿ ತುಂಬಿ ನೀಲಿ ದೀಪ ಹಿಡಿಯುವುದೂ ಇದೇ ತತ್ವದಿಂದ. ಬಿಸಿಲಿನಲ್ಲಿಯೂ ಆ ಕಿರಣವಿರುವುದರಿಂದ ಸೀಸೆಯನ್ನು ಕತ್ತಲೆಯಲ್ಲಿಡಬೇಕು.

ಆದರೆ ಪೇಟೆಯಲ್ಲಿ "ಐದು ಸೆಕೆಂಡಿನಲ್ಲಿ ಎಲ್ಲವನ್ನೂ ಅಂಟಿಸುತ್ತದೆ" ಎಂದು ಮಾರುವುದು ನನಗೆ ಒಪ್ಪಿಗೆಯಿಲ್ಲ. ಬೆಳಕು ತಲುಪದ ಕಡೆ ಅದು ದ್ರವವಾಗಿಯೇ ಉಳಿಯುತ್ತದೆ. ಮೇಲ್ಪದರ ಕಲ್ಲಿನಂತಿದ್ದು ಒಳಗೆ ಹಸಿಯಾಗಿರಬಹುದು, ನೋಡುವವನಿಗೆ ತಿಳಿಯದು. ಹಸಿ ಅಂಟು ಚರ್ಮಕ್ಕೆ ತಗುಲಿದರೆ ತುರಿಕೆ, ಅಲರ್ಜಿ ಉಂಟಾಗಬಹುದು. ಆದ್ದರಿಂದ ಹಸುಳೆಗಳು ಬಾಯಿಗಿಡುವ ಆಟಿಕೆಗೆ ನಾನು ಇದನ್ನು ಮುಟ್ಟಿಸುವುದಿಲ್ಲ. ಬಕೆಟ್ಟು, ಡಬ್ಬಿಗಳ ಮೇಣದಂಥ ನುಣುಪು ಪ್ಲಾಸ್ಟಿಕ್ಕಿಗೂ ಇದು ಸರಿಯಾಗಿ ಹಿಡಿಯದು. ಮಕ್ಕಳ ಕೈಗೆ ಟಾರ್ಚು ಕೊಡಬಾರದು, ಕಣ್ಣಿಗೆ ಕೆಡುಕು.

ವಿಮಾನದ ರೆಕ್ಕೆ ಮಾತ್ರ ಇದಕ್ಕೆಂದೇ ಮುರಿದಂತಿತ್ತು. ಸೋಪಿನ ನೀರಿನಲ್ಲಿ ತೊಳೆದು ಒರೆಸಿ, ಮೊದಲು ಅಂಟಿಲ್ಲದೆ ಜೋಡಿಸಿ ನೋಡಿದೆ. ಕೈಗವಸು ಹಾಕಿ ತೆಳುವಾಗಿ ಸವರಿದೆ. ದಪ್ಪಗೆ ಸುರಿದರೆ ಬಲ ಹೆಚ್ಚದು. ಹುಡುಗನಿಗೆ ಬೇರೆಡೆ ನೋಡಲು ಹೇಳಿ ಮೇಲಿನಿಂದಲೂ ಕೆಳಗಿನಿಂದಲೂ ಬೆಳಕು ಹಿಡಿದೆ. ಗಾಳಿ ತಾಗುವ ಮೇಲ್ಮೈ ತುಸು ಜಿಗುಟಾಗಿ ಉಳಿಯುವುದುಂಟು, ಸ್ಪಿರಿಟ್ಟಿನಲ್ಲಿ ಒರೆಸಿದೆ. ಬಿರುಕಿನ ಗೆರೆ ಕಾಣುತ್ತಿತ್ತು. ಅವನು ಅದರ ಮೇಲೆ ಬೆರಳಾಡಿಸಿ, "ಅಬ್ಬಾಗೆ ವಿಡಿಯೋದಾಗ ತೋರಸ್ತೀನಿ" ಎಂದ.

ಗಾಡಿಯ ಮುರಿದ ಅಚ್ಚಿಗೂ ಅದೇ ಟಾರ್ಚು ಹಿಡಿಯಿರೆಂದು ಹಠ ಹಿಡಿದ. ಮರದೊಳಗೆ ಬೆಳಕು ಹೋಗುವುದಿಲ್ಲವೆಂದು ಮುಷ್ಟಿಯೊಳಗೆ ಟಾರ್ಚು ಮುಚ್ಚಿ ತೋರಿಸಿದ ಮೇಲೆ ಸುಮ್ಮನಾದ. ನಮ್ಮ ನೆರೆಯ ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರರು ಮರದ ಗೊಂಬೆಗಳ ಅಂಗಗಳನ್ನು ಹುಣಸೆಬೀಜದ ಸರಿಯಿಂದ ಕೂಡಿಸುತ್ತ ಬಂದವರು. ಆ ಸರಿಗೆ ಬೆಳಕು ಬೇಡ, ಕಾಲ ಬೇಕು. ನನಗೆ ಆ ವಿದ್ಯೆ ಬಾರದು. ಬಡಗಿಗಳು ಬಳಸುವ ಬಿಳಿ ಅಂಟನ್ನು ಹಚ್ಚಿ, ದಾರದಿಂದ ಬಿಗಿದು ಕಟ್ಟಿದೆ. ನಾಳೆ ಅಸರ್ ನಮಾಝ್‌ವರೆಗೆ ದಾರ ಬಿಚ್ಚಬೇಡವೆಂದು ಹೇಳಿ ಕಳುಹಿಸಿದೆ.