ಆಧಾರ್ ಕಾರ್ಡಿನ ಫೋಟೊ

ಇವತ್ತು ಬೆಳಿಗ್ಗೆ ಚಹಾ ಆರಿಹೋದದ್ದು ಪೇಪರಿನ ‘ನಿಧನ’ ಅಂಕಣದಿಂದ. ನಮ್ಮ ಕಾಸರಗೋಡು ಕಡೆಯಲ್ಲಿ ಒಂದು ಪ್ರಾಯ ದಾಟಿದವರು ಪೇಪರ್ ಓದಲು ಶುರುಮಾಡುವುದೇ ಅಲ್ಲಿಂದ. ಅಕ್ಕಪಕ್ಕದಲ್ಲಿ ಎರಡು ಫೋಟೊ. ಗಂಡಸಿನ ಕೆಳಗೆ ಸಹಕಾರಿ ಬ್ಯಾಂಕಿನ ಮಾಜಿ ನಿರ್ದೇಶಕ, ಜೀರ್ಣೋದ್ಧಾರ ಸಮಿತಿಯ ಗೌರವಾಧ್ಯಕ್ಷ, ಪ್ರಗತಿಪರ ಕೃಷಿಕ, ತಾಳಮದ್ದಳೆ ಅರ್ಥಧಾರಿ. ಉಸಿರು ಬಿಡಲು ಜಾಗವಿಲ್ಲ. ಹೆಂಗಸಿನ ಕೆಳಗೆ, ಇಂಥವರ ಪತ್ನಿ, ಮಕ್ಕಳು, ಮೊಮ್ಮಕ್ಕಳು, ಅಪಾರ ಬಂಧುಬಳಗವನ್ನು ಅಗಲಿದ್ದಾರೆ. ಮುಗಿಯಿತು. ಎಂಬತ್ತು ವರ್ಷದಲ್ಲಿ ಆಕೆ ಮಾಡಿದ ಕೆಲಸ ಅಗಲಿದ್ದೊಂದೇ.

“ಬೆಳಿಗ್ಗೆ ಬೆಳಿಗ್ಗೆ ಯಾರಿಗೆ ಬೈಯುವುದು?” ಎಂದಳು ನನ್ನವಳು. ಓದಿ ಹೇಳಿದೆ. ಆಕೆಗೆ ಸಿಟ್ಟೇ ಬರಲಿಲ್ಲ. “ನನ್ನದು ಹಾಕುವಾಗ ಆಧಾರ್ ಕಾರ್ಡಿನ ಫೋಟೊ ಮಾತ್ರ ಕೊಡಬೇಡಿ ಮಾರಾಯ್ರೆ” ಎಂದು ಒಳಗೆ ಹೋದಳು.

ಸಮಾನತೆ ಗಿಮಾನತೆ ನಿಮಗೆ ಗೊತ್ತಿದ್ದದ್ದೇ, ಬಿಡಿ. ನನ್ನ ತಕರಾರು ಬರೇ ಮಾಹಿತಿಯದ್ದು. ಅಮ್ಮ ಹತ್ತು ಮನೆಯ ಮದುವೆಗೆ ಹೋಗಿ ಶೋಭಾನೆ ಹೇಳಿದ್ದು, ಬಾಣಂತಿಯರಿಗೆ ಮದ್ದು ಅರೆದುಕೊಟ್ಟದ್ದು ಮಕ್ಕಳಿಗೆ ನೆನಪೇ ಬರುವುದಿಲ್ಲ. ಮನೆಯೊಳಗೆ ಕೂತು ಮಾಡಿದ್ದಕ್ಕೆ ಸಹಿ ಇರುವುದಿಲ್ಲವಲ್ಲ.

ನಮ್ಮ ಕಾಸರಗೋಡಿನ ತಳಂಗರೆಯ ತೊಪ್ಪಿಯನ್ನೇ ತೆಗೆದುಕೊಳ್ಳಿ. ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಬಿಳಿ ಬಟ್ಟೆಯ ಮೇಲೆ ಬಿಳಿ ನೂಲು. ಬೆಳಕಿಗೆ ಓರೆಯಾಗಿ ಹಿಡಿದರೇನೇ ಕಸೂತಿ ಕಾಣುವುದು. ಕಡಲು ದಾಟಿ ಪರದೇಶಗಳವರೆಗೂ ಹೋಗಿ ಹೆಸರು ಮಾಡಿದ ತೊಪ್ಪಿ ಅದು. ಅದರ ಸೂಜಿ ಕೆಲಸವನ್ನು ಮನೆಮನೆಯ ಹೆಂಗಸರು ಅಡುಗೆ, ಮಕ್ಕಳು, ಎಲ್ಲ ಮುಗಿದ ಮೇಲೆ ಕೂತು ಮಾಡಿದ್ದು. ಊರಿನ ಹೆಸರು ಬಂತು, ವ್ಯಾಪಾರಿಯ ಹೆಸರೂ ಬಂತು. ಹೊಲಿದವಳದ್ದು ಬರಲಿಲ್ಲ. ಇಟ್ಟುಕೊಂಡ ಗಂಡಸಿನ ತಲೆಗೆ ಮಾತ್ರ ಒಳ್ಳೆಯ ಮರ್ಯಾದೆ! ನನ್ನನ್ನು ಕೇಳಿದರೆ ತೊಪ್ಪಿಯ ಒಳಮಗ್ಗುಲಿಗೆ ಹೊಲಿದವಳ ಹೆಸರು ಹಾಕಬೇಕೆಂದು ಕಾನೂನು ಬರಬೇಕು. ಯಾರೂ ನನ್ನನ್ನು ಕೇಳುವುದಿಲ್ಲ.

ತಳಂಗರೆಯ ಹತ್ತಿರವೇ ಚಂದ್ರಗಿರಿ ಹೊಳೆ ಸಮುದ್ರ ಸೇರುವುದು. ಆ ಹೊಳೆಯ ಹೆಸರೆತ್ತಿದರೆ ಲೇಖಕಿ ಸಾರಾ ಅಬೂಬಕ್ಕರ್ ಅವರನ್ನು ಬಿಡಲಾಗುತ್ತದೆಯೇ? ನಮ್ಮ ಅಂಕಣದ ಲೆಕ್ಕದಲ್ಲಿ ಅವರು ಇಂಜಿನಿಯರ್ ಅಬೂಬಕ್ಕರ್ ಅವರ ಪತ್ನಿ, ನಾಲ್ವರು ಗಂಡುಮಕ್ಕಳ ತಾಯಿ. ಸುಳ್ಳಲ್ಲ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಮುಸ್ಲಿಂ ಹುಡುಗಿಯರು ಹೈಸ್ಕೂಲಿಗೆ ಹೋಗುವುದೇ ಅಪರೂಪವಾಗಿದ್ದ ಕಾಲದಲ್ಲಿ ಕನ್ನಡ ಕಲಿತು, ಮದುವೆಯಾಗಿ, ನಲವತ್ತು ದಾಟುವವರೆಗೆ ಸಂಸಾರ ನೋಡಿಕೊಂಡಿದ್ದವರು. 1981ರಲ್ಲಿ ಕೋಮು ಸೌಹಾರ್ದದ ಬಗ್ಗೆ ‘ಲಂಕೇಶ್ ಪತ್ರಿಕೆ’ಗೊಂದು ಲೇಖನ ಬರೆದರು. ಇನ್ನೂ ಬರೆಯಿರಿ ಎಂದರು ಲಂಕೇಶ್. ಬಂತು ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ. ತಲಾಖ್ ಆದ ನಾದಿರಾ ಮತ್ತೆ ತನ್ನ ಗಂಡನನ್ನು ಸೇರಬೇಕಾದರೆ ಬೇರೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆಯಬೇಕು; ಅವಳು ಮಸೀದಿಯ ಕೆರೆಯ ದಾರಿ ಹಿಡಿಯುತ್ತಾಳೆ. ಓದಿದ ದಿನ ನನಗೆ ಊಟ ಸೇರಿರಲಿಲ್ಲ.

ಸಮಾಜಕ್ಕಾಗಿ ಬರೆಯುವವರೆಂದರೆ ಎಲ್ಲರಿಗೂ ಬೇಕಾದವರು ಎಂದುಕೊಂಡಿರುತ್ತೇವೆ. ಈಕೆಗೆ ತಮ್ಮವರಿಂದಲೇ ಬೈಗುಳ ಸಿಕ್ಕಿತು. ಆದರೂ ಬರೆದರು, ಮಲಯಾಳದಿಂದ ಅನುವಾದಿಸಿದರು, ಕರಾವಳಿ ಲೇಖಕಿಯರ ಮತ್ತು ವಾಚಕಿಯರ ಸಂಘದ ಅಧ್ಯಕ್ಷೆಯಾಗಿ ಊರೂರಿನ ಹೆಂಗಸರನ್ನು ಒಟ್ಟುಗೂಡಿಸಿದರು. ಬರೆಯುವವರ ಜೊತೆ ಓದುವವರಿಗೂ ಅಲ್ಲಿ ಜಾಗವುಂಟಲ್ಲ, ಅದು ನನಗೆ ಭಾರೀ ಇಷ್ಟ. ಗಂಡನ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡವರು ಸ್ವಂತ ಪ್ರಕಾಶನಕ್ಕೆ ಇಟ್ಟ ಹೆಸರು ಮಾತ್ರ ಹೊಳೆಯದ್ದು, ಚಂದ್ರಗಿರಿ.

ಹೆಂಡತಿಯನ್ನು ನೆನೆದು ಬರೆದ ಗಂಡಸರು ನಮ್ಮಲ್ಲಿ ಇಲ್ಲವೆಂದಲ್ಲ. ಮಂಜೇಶ್ವರದ ಗೋವಿಂದ ಪೈಗಳ ‘ನಂದಾದೀಪ’ವೇ ಉಂಟು, ಅಗಲಿದ ಮಡದಿಗಾಗಿ ಬರೆದದ್ದು. ಆದರೆ ಪೈಗಳಿಗೆ ಎಷ್ಟು ಭಾಷೆ ಬರುತ್ತಿತ್ತು ಎಂದು ಕ್ವಿಜ್‌ನಲ್ಲಿ ಕೇಳುವ ನಾವು ಆ ಮಡದಿಯ ಹೆಸರನ್ನು ಕೇಳಿದ್ದುಂಟೇ? ರಾಷ್ಟ್ರಕವಿಯ ಹೆಂಡತಿಗೇ ಈ ಗತಿ.

ಸಾರಾ ಅವರು ತಮ್ಮ ನೆನಪನ್ನು ಬೇರೆಯವರ ಪೆನ್ನಿಗೆ ಬಿಡಲಿಲ್ಲ. ‘ಹೊತ್ತು ಕಂತುವ ಮುನ್ನ’ ಎಂದು ತಮ್ಮ ಕಥೆಯನ್ನು ತಾವೇ ಬರೆದಿಟ್ಟು, 2023ರ ಜನವರಿ 10ರಂದು ಮಂಗಳೂರಿನಲ್ಲಿ ತೀರಿಕೊಂಡರು. ನಿಮ್ಮೂರ ವಾಚನಾಲಯದಲ್ಲಿ ಆ ಪುಸ್ತಕ ಇದೆಯೇ ನೋಡಿ. ಇಲ್ಲದಿದ್ದರೆ ತರಿಸಲು ಹೇಳಿ.