ಗಾಂಧಿಗಂಜಿನ ಮೇಲಿನ ಆಕಾಶ

ವಾಯುಪಡೆಯ ‘ಸೂರ್ಯಕಿರಣ’ ತಂಡವು 1996ರಲ್ಲಿ ನಮ್ಮ ಬೀದರಿನಲ್ಲಿಯೇ ರೂಪುಗೊಂಡಿತೆಂಬುದನ್ನು ನೀವು ಬಲ್ಲಿರಿ. ಮೊದಮೊದಲು ಆ ವಿಮಾನಗಳ ಗರ್ಜನೆ ನಮಗೆ ಬೇಸರ ತರುತ್ತಿತ್ತು. ಒಮ್ಮೆ ಗಾಂಧಿಗಂಜಿನ ಅಡತಿ ಅಂಗಡಿಯೊಂದರಲ್ಲಿ ಕುಳಿತು ಮಾತನಾಡುತ್ತಿದ್ದಾಗ ಮಾತು ಕಡಿದು ಗೊಣಗಿಯೂಬಿಟ್ಟೆವು. ತೊಗರಿಯ ಚೀಲ ಇಳಿಸುತ್ತಿದ್ದ ಮುದಿ ಹಮಾಲನು ತಲೆಯೆತ್ತಿ, “ಅಪ್ಪಾರ, ಇಬ್ಬರು ಕೂಡಿ ಚೀಲ ಎತ್ತಿದ್ರ ನಮ್ಮ ಹೆಜ್ಜಿ ಕೂಡಂಗಿಲ್ಲ. ಒಂಬತ್ತು ಮಂದಿ ಹ್ಯಾಂಗ ಕೂಡ್ಯಾರ ನೋಡ್ರಿ!” ಎಂದನು.

ಆಮೇಲೆ ತಿಳಿದುಕೊಂಡೆವು. ಅಲ್ಲಿ ಹಿಂಬಾಲಿಸುವ ಚಾಲಕನು ನೆಲವನ್ನು ನೋಡುತ್ತ ಕೂಡುವಂತಿಲ್ಲ; ಕೆಲವೇ ಮೀಟರು ದೂರದಲ್ಲಿರುವ ಜೊತೆಯ ವಿಮಾನದ ಮೇಲೆಯೇ ಅವನ ಕಣ್ಣು. ನಾಯಕನು ತಪ್ಪಿದರೆ ಎಲ್ಲರೂ ತಪ್ಪುವರು.

2009ರ ಜನವರಿ 21ರಂದು ಬೀದರಿನ ಸಮೀಪದಲ್ಲಿ ಅಭ್ಯಾಸದ ವೇಳೆ ಒಂದು ವಿಮಾನ ಬಿದ್ದು ಚಾಲಕರು ತೀರಿಕೊಂಡರು. ನಮ್ಮ ಗೊಣಗಾಟ ನೆನಪಾಗಿ ಅಂದು ಪ್ರಸಾದ ರುಚಿಸಲಿಲ್ಲ. 2011ರಲ್ಲಿ ತಂಡದ ಹಾರಾಟವೇ ನಿಂತಿತು. ಗಂಜಿನ ಗದ್ದಲದ ಮೇಲೆ ಆಕಾಶ ಮಾತ್ರ ಮೌನವಾಗಿತ್ತು. 2015ರಲ್ಲಿ ಹಾಕ್ ವಿಮಾನಗಳೊಡನೆ ತಂಡ ಮರಳಿತು.

ಈಗಲೂ ಸದ್ದು ಬಂದರೆ ಮಾತು ನಿಲ್ಲಿಸುತ್ತೇವೆ. ಎಷ್ಟು ಹೋದವೆಂದು ಎಣಿಸುತ್ತೇವೆ. ಮರಳುವಾಗ ಮತ್ತೊಮ್ಮೆ ಎಣಿಸುತ್ತೇವೆ.