ಹತ್ತು ಥೌ ಸಾಕೇ?

ಎಂಜಿನ್ ಬಿಚ್ಚಿದರೆ ನೋಡುವವರ ಕಣ್ಣು ಮೊದಲು ಹೋಗುವುದು ಪಿಸ್ಟನ್ನಿನ ಕಡೆ. ಹಳೆ ಜೀಪು ಕಟ್ಟುವ ಹುಚ್ಚು ಹತ್ತಿದವರು ಮಾತ್ರ ಕ್ರ್ಯಾಂಕ್, ಅಂದರೆ ಕ್ರ್ಯಾಂಕ್‌ಶಾಫ್ಟ್, ಹೊರಬರುವುದನ್ನೇ ಕಾಯುತ್ತಾರೆ. ಡೀಸೆಲ್‌ನಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ ಬೆಂಚಿನ ಮೇಲಿಟ್ಟರೆ ಎದುರಾಗುವ ಪ್ರಶ್ನೆ ಒಂದೇ: ಎಷ್ಟು ಗ್ರೈಂಡ್ ಮಾಡಿಸಬೇಕು?

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ದುಡಿದ ವಿಲ್ಲಿಸ್ ಸಂತತಿಯ ಪೆಟ್ರೋಲ್ ಜೀಪನ್ನೇ ತೆಗೆದುಕೊಳ್ಳಿ. ಎರಡನೇ ಮಹಾಯುದ್ಧ ಕಂಡ 2,199 ಸಿಸಿ ಎಂಜಿನ್. ಕನೆಕ್ಟಿಂಗ್ ರಾಡ್ ಕೂರುವ ಪಿನ್ನುಗಳು ನಾಲ್ಕು, ಮೇನ್ ಬೇರಿಂಗುಗಳು ಮೂರೇ. ಹೊಸದಿದ್ದಾಗ ಪಿನ್ನಿನ ವ್ಯಾಸ ಸುಮಾರು 1.9375 ಅಂಗುಲ. ಇಲ್ಲಿ ಲೆಕ್ಕವೆಲ್ಲ ಥೌಗಳಲ್ಲಿ, ಅಂದರೆ ಅಂಗುಲದ ಸಾವಿರದಲ್ಲೊಂದು ಪಾಲಿನಲ್ಲಿ.

ಮೊದಲ ಸುಳಿವು ಸಿಗುವುದು ಕ್ರ್ಯಾಂಕಿನಲ್ಲಲ್ಲ, ಬಿಚ್ಚಿಟ್ಟ ಬೇರಿಂಗುಗಳಲ್ಲಿ. ತಾಮ್ರ-ಸೀಸದ ಬೇರಿಂಗಾದರೆ ಮೇಲಿನ ಬೂದು ಪದರ ಸವೆದ ಕಡೆ ತಾಮ್ರದ ಬಣ್ಣ ಇಣುಕುತ್ತದೆ. ಹಿಂಬದಿಯಲ್ಲಿ 010 ಅಥವಾ 020 ಎಂಬ ಅಂಕಿ ಇದ್ದರೆ, ಈ ಕ್ರ್ಯಾಂಕ್ ಹಿಂದೆಯೇ ಒಮ್ಮೆ ಗ್ರೈಂಡಿಂಗ್ ಯಂತ್ರ ಹತ್ತಿ ಇಳಿದಿದೆ. ಅಂಕಿಯನ್ನು ನಂಬಿಕೊಂಡು ಕೂರುವಂತಿಲ್ಲ, ಅಳೆಯಲೇಬೇಕು.

ಅಳೆಯುವುದೇ ಈ ಕೆಲಸದ ರುಚಿ. ಮೈಕ್ರೋಮೀಟರಿನ ದವಡೆಯಲ್ಲಿ ಪಿನ್ನನ್ನು ಹಿಡಿದು, ತುದಿಯ ರ‍್ಯಾಚೆಟ್ ಟಕಟಕ ಅನ್ನುವವರೆಗೆ ತಿರುಗಿಸಿ ಓದಬೇಕು. ಪಿನ್ನಿನ ಎರಡೂ ಅಂಚಿನಲ್ಲಿ ಅಳತೆ, ಮತ್ತೆ ಕಾಲು ಸುತ್ತು ತಿರುಗಿಸಿ ಅದೇ ಜಾಗಗಳಲ್ಲಿ ಅಳತೆ. ಅಂಚಿನಿಂದ ಅಂಚಿಗೆ ವ್ಯತ್ಯಾಸ ಬಂದರೆ ಪಿನ್ನು ಓರೆಯಾಗಿ ಸವೆದಿದೆ. ತಿರುಗಿಸಿದಾಗ ವ್ಯತ್ಯಾಸ ಬಂದರೆ ಅಂಡಾಕಾರಕ್ಕೆ ತಿರುಗಿದೆ. ಈ ಅಂಡಾಕಾರಕ್ಕೆ ಸೊಗಸಾದ ಕಾರಣವಿದೆ. ಪಿಸ್ಟನ್ ಮೇಲ್ತುದಿಯಲ್ಲಿ ದಿಕ್ಕು ಬದಲಿಸುವಾಗ ರಾಡು ಪಿನ್ನನ್ನು ಮೇಲಕ್ಕೆ ಎಳೆಯುತ್ತದೆ, ಕೆಳತುದಿಯಲ್ಲಿ ಕೆಳಕ್ಕೆ ಒತ್ತುತ್ತದೆ. ಎರಡು ಸಲವೂ ಆ ಜಗ್ಗಾಟ ಬೀಳುವುದು ಪಿನ್ನಿನ ಒಳಮೈಗೆ, ಶಾಫ್ಟಿನ ನಡುವಿಗೆ ಮುಖ ಮಾಡಿದ ಬದಿಗೆ. ಹಾಗಾಗಿ ಆ ಬದಿಯೇ ಹೆಚ್ಚು ಸವೆಯುತ್ತದೆ. ಸಾಮಾನ್ಯವಾಗಿ ಒಂದು ಥೌ ದಾಟಿದರೆ ಗ್ರೈಂಡಿಂಗ್ ತಪ್ಪದು. ನೋಟ್‌ಬುಕ್ಕಿನ ಹಾಳೆಯ ದಪ್ಪವೇ ಮೂರು-ನಾಲ್ಕು ಥೌ ಇರುತ್ತದೆ ಎಂದರೆ ಈ ಲೆಕ್ಕ ಎಷ್ಟು ಸೂಕ್ಷ್ಮವೆಂದು ತಿಳಿಯುತ್ತದೆ.

ಬೇರಿಂಗು ಸಿಗುವುದು 10, 20, 30 ಥೌ ಅಂಡರ್‌ಸೈಜ್ (ಅಷ್ಟು ಸಣ್ಣದಾದ ಪಿನ್ನಿಗೆ ಹೊಂದುವ) ಮೆಟ್ಟಿಲುಗಳಲ್ಲಿ, ಅದೂ ಸೆಟ್ಟಾಗಿ. ಮೂರು ಪಿನ್ನು ಚೆನ್ನಾಗಿದ್ದು ಒಂದು ಕೆಟ್ಟಿದ್ದರೂ ನಾಲ್ಕನ್ನೂ ಆ ಕೆಟ್ಟದ್ದರ ಅಳತೆಗೇ ಇಳಿಸಬೇಕಾಗುತ್ತದೆ. ಇಲ್ಲೊಂದು ಲೆಕ್ಕ ಹಲವರಿಗೆ ತಪ್ಪುತ್ತದೆ. ಹತ್ತು ಥೌ ಎಂದರೆ ವ್ಯಾಸದಲ್ಲಿ ಹತ್ತು. ಮೈಯಿಂದ ಹೋಗುವುದು ಐದೇ. ಆರು ಥೌ ಆಳದ ಗೀರು ಹತ್ತಕ್ಕೆ ಅಳಿಯುವುದಿಲ್ಲ. ಆಗ ಇಪ್ಪತ್ತಕ್ಕೆ ಹೋಗಬೇಕೇ? ಉಳಿಯುವ ಗೆರೆ ಉಗುರಿಗೆ ಸಿಗದಷ್ಟು ನವಿರಾಗಿದ್ದು, ಪಿನ್ನಿನ ಸುತ್ತ ಹರಿದಿದ್ದರೆ ಹತ್ತಕ್ಕೇ ನಿಲ್ಲುವುದು ಸರಿ. ಒಂದು ಮಸುಕು ಗೆರೆಗಾಗಿ ಮುಂದಿನ ಸಲದ ಲೋಹವನ್ನು ಈಗಲೇ ಕಳೆಯುವುದು ದುಂದು. ಗೆರೆ ಉಗುರನ್ನು ಹಿಡಿದರೆ, ಅಥವಾ ಪಿನ್ನಿನ ಉದ್ದಕ್ಕೆ ಹಾದುಹೋಗಿದ್ದರೆ, ಆ ಮಾತು ಬೇರೆ.

ಹೆಚ್ಚು ಗ್ರೈಂಡ್ ಮಾಡಿಸಿದರೆ ಕ್ರ್ಯಾಂಕ್ ಮುರಿಯುತ್ತದೆ ಎಂಬ ಭಯ ಗ್ಯಾರೇಜುಗಳಲ್ಲಿ ಇದ್ದೇ ಇದೆ. ಬಾಗುವಿಕೆಯನ್ನು ತಡೆಯುವ ಬಲ ವ್ಯಾಸದ ಘನದಂತೆ ಇಳಿಯುತ್ತದೆ ನಿಜ, ಆದರೆ 1.9375 ಅಂಗುಲದ ಪಿನ್ನಿನಿಂದ ಮೂವತ್ತು ಥೌ ತೆಗೆದರೂ ಕಳೆಯುವುದು ಶೇ. 4.5ರಷ್ಟು. ನಿಜವಾದ ಅಪಾಯ ಮೂಲೆಯಲ್ಲಿದೆ. ಪಿನ್ನು ಪಕ್ಕದ ಗೋಡೆಗೆ ಸೇರುವ ಕಡೆ ಒಂದು ನಯವಾದ ಬಾಗು, ರೇಡಿಯಸ್, ಇರುತ್ತದೆ. ಗ್ರೈಂಡಿಂಗ್ ಕಲ್ಲಿನ ಅಂಚನ್ನು ವಜ್ರದ ಮೊನೆಯಿಂದ ಅದೇ ಬಾಗಿಗೆ ತಿದ್ದದೆ ಹಾಗೇ ಇಳಿಸಿದರೆ ಅಲ್ಲಿ ಚೂಪು ಮೂಲೆ ಬೀಳುತ್ತದೆ. ಬಿರುಕು ಹುಟ್ಟುವುದು ಅಲ್ಲಿಂದಲೇ. ಮೂಲೆ ಕೆಡಿಸಿದ ಹತ್ತಕ್ಕಿಂತ ಮೂಲೆ ಉಳಿಸಿದ ಮೂವತ್ತೇ ವಾಸಿ. ನೈಟ್ರೈಡ್ ಮಾಡಿದ ಕ್ರ್ಯಾಂಕುಗಳಲ್ಲಿ ಮಾತ್ರ ಇನ್ನೊಂದು ಎಚ್ಚರ ಬೇಕು: ಅವುಗಳ ಗಟ್ಟಿ ಪದರ ತೀರ ತೆಳು, ಹೆಚ್ಚು ತೆಗೆದರೆ ಮತ್ತೆ ಗಟ್ಟಿ ಮಾಡಿಸಬೇಕಾಗುತ್ತದೆ.

ಕಲ್ಲು ತಾಗುವ ಮೊದಲೇ ಮುಗಿಯಬೇಕಾದ ಕೆಲಸಗಳಿವೆ. ಕ್ರ್ಯಾಂಕಿನ ಎರಡೂ ತುದಿಯನ್ನು ವಿ-ಬ್ಲಾಕಿನ ಮೇಲಿಟ್ಟು, ಮೇನ್ ಬೇರಿಂಗ್ ಕೂರುವ ನಡುವಿನ ಜರ್ನಲ್‌ಗೆ ಡಯಲ್ ಗೇಜ್ ತಾಗಿಸಿ ನಿಧಾನ ತಿರುಗಿಸಿದರೆ ಡೊಂಕು ಕಾಣುತ್ತದೆ; ಮುಳ್ಳು ಆಡಿದ್ದರ ಅರ್ಧ ನಿಜವಾದ ಬಾಗು. ಬಿರುಕಿಗೆ ಕಾಂತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಇಷ್ಟೆಲ್ಲ ಆದಮೇಲೂ ಬೇರಿಂಗ್ ಸೆಟ್ ಕೈಗೆ ಬಂದಿಲ್ಲವೆಂದರೆ ಕ್ರ್ಯಾಂಕನ್ನು ಗ್ರೈಂಡಿಂಗ್‌ಗೆ ಕೊಡಬಾರದು. ಹಳೆ ಎಂಜಿನ್ನಿಗೆ ಇಪ್ಪತ್ತರ ಸೆಟ್ ಸಿಗದೆ ಮೂವತ್ತರದ್ದೇ ಸಿಕ್ಕರೆ, ಗ್ರೈಂಡ್ ಎಷ್ಟೆಂದು ನಿರ್ಧರಿಸುವುದು ಆ ಪೊಟ್ಟಣವೇ.

ಗ್ರೈಂಡ್ ಆಗಿ ಬಂದ ಕ್ರ್ಯಾಂಕ್ ಕನ್ನಡಿಯಂತೆ ಹೊಳೆಯುತ್ತದೆ, ಒಳಗಿನ ಎಣ್ಣೆ ದಾರಿಗಳಲ್ಲಿ ಮಾತ್ರ ಕಲ್ಲಿನ ಪುಡಿ ಕೂತಿರುತ್ತದೆ. ಉದ್ದನೆಯ ಬ್ರಷ್ ತೂರಿಸಿ, ಗಾಳಿ ಊದಿ, ಬಿಳಿ ಬಟ್ಟೆಗೆ ಕಪ್ಪು ಹತ್ತದವರೆಗೆ ತೊಳೆಯಬೇಕು. ಎಣ್ಣೆ ತೂತಿನ ಬಾಯಿ ಹರಿತವಾಗಿದ್ದರೆ ಮಟ್ಟ ಮಾಡಬೇಕು. ಆಮೇಲೆ ಮತ್ತೆ ಅದೇ ಮೈಕ್ರೋಮೀಟರ್, ಎಲ್ಲ ಪಿನ್ನುಗಳಿಗೂ.